ನೆದರೈಟ್ ಪಿಕಾಸಿ

ಗಿಡ್ಡಪ್ಪ,

ಇದನ್ನು ಜಗಳೂರಿಗೆ ಕಳಿಸುವುದಿಲ್ಲ. ನಿನಗೆ ಕಣ್ಣಿಲ್ಲ, ನಿನ್ನ ಮಗಳ ಬಾಯಲ್ಲಿ ಇದನ್ನು ಓದಿಸುವುದು ನನಗೆ ಬೇಡ.

ಇವತ್ತು ನನಗೆ ನೆದರೈಟ್ ಪಿಕಾಸಿ ಸಿಕ್ಕಿತು. ಮೊಮ್ಮಗಳು ಮೇಘಶ್ರೀ ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಎಂಬ ಅಗೆಯುವ ಆಟ ಕಲಿಸಿದ್ದಾಳೆ. ಅದರಲ್ಲಿ ಇದಕ್ಕಿಂತ ಗಟ್ಟಿ ಪಿಕಾಸಿ ಇಲ್ಲ. ಇದರ ಅದಿರು ಪಾತಾಳದಲ್ಲಿ, ಕುದಿಯುವ ಲಾವಾದ ಪಕ್ಕದಲ್ಲಿರುತ್ತದೆ. ಮದ್ದಿಟ್ಟರೆ ಸುತ್ತಲಿನ ಕಲ್ಲೆಲ್ಲ ಹಾರಿಹೋಗಿ ಅದಿರು ಮಾತ್ರ ಉಳಿಯುತ್ತದೆ. ಅಂಥ ಕಲ್ಲು ನಾವಿಬ್ಬರು ತೋಡಿದ ಯಾವ ಬಾವಿಯಲ್ಲೂ ಸಿಕ್ಕಿರಲಿಲ್ಲ.

ಆಟದಲ್ಲಿ ನಾನಿಟ್ಟ ಮದ್ದು ಸಿಡಿಯಿತು. ನಾನು ನಿಂತಲ್ಲೇ ನಿಂತೆ.

"ಹೋಗಜ್ಜ, ಯಾಕ್ ನಿಂತೆ?" ಎಂದಳು ಮೇಘಶ್ರೀ.

"ನೂರು ಎಣಿಸ್ತಾ ಇದೀನಿ."

"ಎಲ್ಲಾ ಸಿಡೀತಲ್ಲ, ಇನ್ನೇನೈತೆ ಸಿಡಿಯಾಕೆ?"

"ಬಾಯಿ ಮುಚ್ಕೊಂಡು ಕೂತ್ಕ," ಎಂದು ಗದರಿದೆ.

ಯಾವುದಾದರೂ ಮದ್ದು ತಡವಾಗಿ ಸಿಡಿದೀತೆಂದು ನೂರು ಎಣಿಸದೆ ಬಾವಿಗೆ ಇಳಿಯದಿದ್ದವನು ನೀನು. ಸಾಸ್ವೆಹಳ್ಳಿಯ ಬಾವಿಯ ದಡದಲ್ಲಿ ಆ ದಿನ ನಿನ್ನ ಎಣಿಕೆ ನಲವತ್ತಕ್ಕೆ ಬಂದಿತ್ತು. "ಏನೋ, ಮುಹೂರ್ತ ನೋಡ್ತಾ ಕೂತಿದೀಯ? ಇಳಿಯೋ," ಎಂದವನು ನಾನು. ನೀನು ಇಳಿದೆ. ಎರಡನೆಯ ಮದ್ದು ಆಮೇಲೆ ಸಿಡಿಯಿತು.

ಆಟದಲ್ಲಿ ಮತ್ತೇನೂ ಸಿಡಿಯಲಿಲ್ಲ. ನೂರಾದ ಮೇಲೆ ಹೋಗಿ ಅದಿರು ಕಿತ್ತು ತಂದೆ. ಅದನ್ನು ಕುಲುಮೆಯಲ್ಲಿ ಕಾಯಿಸಿ, ಚಿನ್ನ ಸೇರಿಸಿ, ನನ್ನ ಹಳೆಯ ವಜ್ರದ ಪಿಕಾಸಿಗೆ ಹಾಕಿಸಿದೆ. ಪಿಕಾಸಿ ಕಪ್ಪಗಾಯಿತು. ಮೇಘಶ್ರೀ ಚಪ್ಪಾಳೆ ತಟ್ಟಿದಳು.

ಎಣಿಸುವಾಗ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ ಗಿಡ್ಡಪ್ಪ. ನಲವತ್ತರಿಂದ ನೂರಕ್ಕೆ ಒಂದೇ ನಿಮಿಷ ಹಿಡಿಯಿತು.