ರ‍್ಯಾಲಿಯ ತಪಾಸಣಾಧಿಕಾರಿಗಳೇ, ಸೀಟಿನಡಿಯ ಹಲಗೆ ತೆಗೆಯಿರಿ

ಕಾರ್ಕಳ ಕಾರು ರ‍್ಯಾಲಿಯ ಸನ್ಮಾನ್ಯ ತಪಾಸಣಾಧಿಕಾರಿಗಳೇ,

ನಿಮ್ಮ ತಿಲಕದ ಶಾಸ್ತ್ರಕ್ಕಾಗಿ ನನ್ನ ಗಂಡನ ಬೆನ್ನುಮೂಳೆ ಮುರಿಯಿತು. ಅದು ಕಳೆದ ವರ್ಷ, ೨೦೦೩ರ ಸಂಗತಿ. ಈ ವರ್ಷ ಅದೇ ಶಾಸ್ತ್ರಕ್ಕೆ ನನ್ನ ನಾದಿನಿಯನ್ನು ಕೂರಿಸಲು ಹೊರಟಿದ್ದೀರಿ. ಆದ್ದರಿಂದ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಗಂಡ ಲಿಯೋನೆಲ್ ಚಾಲಕ, ನಾನು ಪಕ್ಕದಲ್ಲಿ ಕುಳಿತು ದಾರಿ ಹೇಳುವವಳು. ಕುವೈತಿನಿಂದ ಬರುವಾಗ ಜನ ಟೀವಿ ತಂದರೆ ಅವರು ಎರಡು ರೇಸ್ ಸೀಟು, ಎರಡು ಜೊತೆ ಬೆಲ್ಟು ತಂದವರು. ಉಚ್ಚಿಲದ ನಮ್ಮ ಅಂಗಳದಲ್ಲಿ ಅವನ್ನು ಜೋಡಿಸುವಾಗ ಅಳೆದದ್ದೇ ಅಳೆದದ್ದು. ಸೀಟು ತಗ್ಗಿನಲ್ಲಿರಬೇಕು, ಬೆಲ್ಟಿನ ಹೆಗಲ ಪಟ್ಟಿ ಹೆಗಲಿನ ಮಟ್ಟದಲ್ಲೇ ನೇರವಾಗಿ ಹಿಂದಿನ ಕಂಬಿಗೆ ಹೋಗಬೇಕು. ಸೀಟು ಎತ್ತರವಾದರೆ ಕಂಬಿ ಕೆಳಗುಳಿದು ಪಟ್ಟಿ ಹೆಗಲನ್ನು ಕೆಳಕ್ಕೆ ಜಗ್ಗುತ್ತದೆ. ಕಾರು ಗುದ್ದಿದಾಗ ಬೆನ್ನುಮೂಳೆ ಹಪ್ಪಳ. ಇದೇನು ಗುಟ್ಟಿನ ವಿದ್ಯೆಯಲ್ಲ ಸ್ವಾಮೀ, ನಿಮ್ಮದೇ ನಿಯಮಗಳ ಪುಸ್ತಕದಲ್ಲಿ ಉಂಟು. ಅದನ್ನು ಬಿಚ್ಚಿ ನೋಡುವ ಕಷ್ಟವನ್ನು ತಮಗೆ ಯಾರು ತಾನೇ ಕೊಟ್ಟಾರು?

ಕಳೆದ ವರ್ಷ ರ‍್ಯಾಲಿಯ ಹಿಂದಿನ ದಿನ ತಾವೇ ಪಾಸ್ ಮಾಡಿದ ಕಾರು ಅದು. ಬೆಳಿಗ್ಗೆ ಮುಖ್ಯ ಅತಿಥಿಗಳು ಬಂದರು, ಕುಂಕುಮದ ತಟ್ಟೆ ಬಂತು. ಅತಿಥಿಗಳಿಗೆ ಸೊಂಟನೋವು, ಕಿಟಕಿಯೊಳಗೆ ಬಗ್ಗಿ ತಿಲಕ ಇಡಲಾಗದು. ತಾವು ಓಡಿ ಬಂದಿರಿ.

“ಎಂತ ಮಾರಾಯ, ಬಾವಿಯೊಳಗೆ ಕೂತ ಹಾಗೆ ಕೂತಿದ್ದೀ! ಹಣೆ ಕಾಣಬೇಡವಾ?”

“ನಾನು ಇಳಿದು ನಿಲ್ಲುತ್ತೇನೆ ಸಾರ್,” ಎಂದರು ಲಿಯೋನೆಲ್.

“ಫೋಟೋದಲ್ಲಿ ಡ್ರೈವರ್ ಸೀಟಿನಲ್ಲೇ ಇರಬೇಕು. ಅದು ಪದ್ಧತಿ. ಆಗುವುದಿಲ್ಲವಾದರೆ ಕಾರು ಮನೆಗೆ ತೆಗೆದುಕೊಂಡು ಹೋಗಿ.”

ಸೀಟಿನ ಬೋಲ್ಟು ಬಿಚ್ಚಿಸಿ, ಪೆಂಡಾಲಿನವರ ದಪ್ಪ ಹಲಗೆಯೊಂದನ್ನು ಅಡಿಯಲ್ಲಿ ಇಡಿಸಿ ಬಿಗಿಸಿದಿರಿ. ತಿಲಕ ಆಯಿತು, ಫೋಟೋ ಆಯಿತು. “ಪಟ್ಟಿ ಕೆಳಗೆ ಎಳೆಯುತ್ತಿದೆ ಸಾರ್, ಇನ್ನಾದರೂ ಹಲಗೆ ತೆಗೆಸಿ,” ಎಂದೆ. “ನೀವು ಮ್ಯಾಪ್ ನೋಡಿ ಮೇಡಂ, ಬಾವುಟ ಬೀಸುವ ಹೊತ್ತಾಯಿತು,” ಎಂದಿರಿ.

ತಿಲಕದ ಮೇಲೆ ನನಗೆ ಸಿಟ್ಟಿಲ್ಲ. ನಾವು ಇಗರ್ಜಿಗೆ ಹೋಗುವವರಾದರೂ ಲಿಯೋನೆಲ್ ಸಂತೋಷದಿಂದಲೇ ಹಣೆ ಒಡ್ಡಿದರು. ಹಣೆ ಕೇಳಿದಿರಿ, ಕೊಟ್ಟರು. ಬೆನ್ನು ಯಾಕೆ ತೆಗೆದುಕೊಂಡಿರಿ?

ಹೆಬ್ರಿ ದಾರಿಯ ತಿರುವಿನಲ್ಲಿ ಕಾರು ಜಾರಿ ಮೋರಿಯ ಕಟ್ಟೆಗೆ ಗುದ್ದಿತು. ದಾರಿ ಹೇಳುವವಳಿಗೆ ತಿಲಕ ಇಡುವ ಉಮೇದು ಯಾರಿಗೂ ಇರದ ಕಾರಣ ನನ್ನ ಸೀಟು ಇದ್ದಲ್ಲೇ ಇತ್ತು. ಅದೇ ಕಾರು, ಅದೇ ಮೋರಿ, ಅದೇ ತರಹದ ಬೆಲ್ಟು. ನಾನು ನಡೆದು ಹೊರಬಂದೆ. ಅವರನ್ನು ಹೊತ್ತು ತಂದರು. ಮಣಿಪಾಲದ ವೈದ್ಯರು ಎಕ್ಸ್‌ರೇ ನೋಡಿ, “ಮೂಳೆ ಮೇಲಿನಿಂದ ಒತ್ತಿ ಜಜ್ಜಿದ ಹಾಗೆ ಉಂಟಲ್ಲ, ಹೆಗಲ ಮೇಲೆ ಎಂತ ಬಿತ್ತು?” ಎಂದು ಕೇಳಿದರು. ಏನು ಹೇಳಲಿ? ಅತಿಥಿ ಸತ್ಕಾರ ಬಿತ್ತು ಎನ್ನಲೇ?

ನಿಮ್ಮ ವರದಿಯಂತೂ ಅದ್ಭುತ: ‘ಚಾಲಕನ ಅತಿವೇಗವೇ ಕಾರಣ.’ ಆಹಾ! ರೇಸಿನಲ್ಲಿ ವೇಗ! ಈಜುಗಾರ ಒದ್ದೆಯಾದರೂ ನೋಟಿಸು ಕೊಡುವವರು ನೀವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀವು ಬರೆ ಹಾಕಿದ್ದಲ್ಲದೆ ಎಮ್ಮೆಯದೇ ತಪ್ಪು ಎಂದಿರಿ.

ಅಲ್ಲಿಗೇ ನಿಂತಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೋ ಏನೋ. ಈ ವರ್ಷ ಸುತ್ತೋಲೆಯೇ ಹೊರಡಿಸಿದ್ದೀರಿ: ‘ಚಾಲಕರ ಹಣೆ ಅತಿಥಿಗಳ ಕೈಗೆ ಎಟಕುವಂತೆ ಸೀಟನ್ನು ಎತ್ತರಿಸತಕ್ಕದ್ದು.’ ಒಬ್ಬರ ಬೆನ್ನು ಮುರಿದು ನೀವು ಕಲಿತ ಪಾಠ ಇದು! ಲಿಯೋನೆಲರ ತಂಗಿ ಕ್ಯಾರೆನ್ ರ‍್ಯಾಲಿಗೆ ಹೆಸರು ಕೊಟ್ಟಿದ್ದಾಳೆ. “ಅತ್ತಿಗೆ, ಹಲಗೆ ಇಲ್ಲದಿದ್ದರೆ ಪಾಸ್ ಮಾಡುವುದಿಲ್ಲವಂತೆ. ಎಂತ ಮಾಡುವುದು?” ಎಂದು ಕೇಳುತ್ತಾಳೆ. ಬೇಡ ಎಂದರೆ ಕೇಳುವ ಹುಡುಗಿಯಲ್ಲ. ನನಗೆ ಹೆದರಿಕೆಯಾಗುತ್ತಿದೆ, ಮುಚ್ಚಿಡುವುದಿಲ್ಲ.

ಸುತ್ತೋಲೆ ಹಿಂತೆಗೆದುಕೊಳ್ಳಿ. ಪಾಸಾದ ಕಾರಿನ ಸೀಟನ್ನು ಆಮೇಲೆ ಯಾರೂ ಮುಟ್ಟಕೂಡದು. ಚಾಲಕರನ್ನು ನೆಲದ ಮೇಲೆ ನಿಲ್ಲಿಸಿ ತಿಲಕ ಇಡಿ. ಬಗ್ಗಲಾಗದವರೇ ಮುಖ್ಯ ಅತಿಥಿಯಾಗಬೇಕೆಂಬುದು ಪದ್ಧತಿಯಾದರೆ ಲಿಯೋನೆಲರನ್ನು ಕರೆಯಿರಿ. ಆ ಅರ್ಹತೆಯನ್ನು ತಾವೇ ದಯಪಾಲಿಸಿದ್ದೀರಿ. ಅವರು ಕೋಲೂರಿಕೊಂಡು ಬರುತ್ತಾರೆ. ಕ್ಯಾರೆನ್ ಕಾರಿನಿಂದ ಇಳಿದು ಅಣ್ಣನೆದುರು ತಲೆ ತಗ್ಗಿಸಿ ನಿಲ್ಲುತ್ತಾಳೆ. ಹಲಗೆ ಬೇಕಾಗುವುದಿಲ್ಲ.

ಇಂತಿ,
ಬರೀ ಮ್ಯಾಪ್ ನೋಡಬೇಕಾಗಿದ್ದ
ಲೊರ್ನಾ, ಉಚ್ಚಿಲ