ಕಿವಿಯ ಪ್ರಶ್ನೆ

ಹಲಗೂರು, ಭಾನುವಾರ

ದೀಪಿಕಕ್ಕನಿಗೆ,

ಬೆಳಿಗ್ಗೆ ದಿಂಬಿನ ಮೇಲೆ ಮತ್ತೆ ಹಳದಿ ಕಲೆಯಿತ್ತು. ಮೂರು ವಾರದಿಂದ ನನ್ನ ಎಡಗಿವಿ ಸೋರುತ್ತಿದೆ, ನಿನಗೆ ಹೇಳಿರಲಿಲ್ಲ. ಅಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಲೇ ಇದ್ದಾಳೆ. "ನೀರಿಗೆ ಬೀಳಕ್ಕೆ ಅಂಡಮಾನೇ ಬೇಕಾ, ಇಲ್ಲೇ ನಾಲೆ ಇಲ್ವಾ" ಎಂದು ವರ್ಷವಿಡೀ ಬೈದವಳು, ಈಗ "ವಾಸಿಯಾಯ್ತದೆ ಸುಮ್ಕಿರು, ಹೋಗ್ತಾ ಬರ್ತಾ ಆರು ದಿನ ಹಡಗಲ್ಲಿ ಏನ್ ತಿಂದೀಯಮ್ಮ" ಎಂದು ಹುರಿಹಿಟ್ಟು ತುಂಬಿಕೊಟ್ಟಿದ್ದಾಳೆ. ಬ್ಯಾಗು ಕಟ್ಟಿ ಬಿಚ್ಚಿ ನನಗೆ ಸಾಕಾಗಿದೆ.

ಅಂಡಮಾನಿನ ಡೈವಿಂಗ್‌ನವರ ಅರ್ಜಿಯಲ್ಲಿ ಕಿವಿಯ ತೊಂದರೆ ಇದೆಯೇ ಎಂಬ ಪ್ರಶ್ನೆಯೊಂದನ್ನೇ ಖಾಲಿ ಬಿಟ್ಟಿದ್ದೆ. 'ಇಲ್ಲ' ಎಂದರೆ ನಿನ್ನ ಜೊತೆ ಸಮುದ್ರದಾಳಕ್ಕೆ ಇಳಿಯಬಹುದು. ಆದರೆ ನೀರೊಳಗೆ ನನಗೆ ತಲೆ ಸುತ್ತಿದರೆ ಹಿಡಿಯಬೇಕಾದವಳು ನೀನು.

ಜೊತೆಗೆ ಬೇರೆ ಯಾರನ್ನಾದರೂ ಕೇಳು. ಹುರಿಹಿಟ್ಟಿನ ಡಬ್ಬಿಯನ್ನು ನಾಳೆ ಮಂಡ್ಯದ ಬಸ್ಸಿನಲ್ಲಿ ಕಳಿಸುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅರ್ಜಿಯಲ್ಲಿ 'ಹೌದು' ಎಂದು ಗುರುತು ಹಾಕಿದ್ದೇನೆ.

ನಿನ್ನ
ಗಗನ