ಎಲೆಗೊಂದು ಮುರು ಮೀನು

ಅಕ್ಟೋಬರ್ 28, ಮಂಗಳವಾರ

ಮೀನು ಬಂತು. ಎರಡು ಐಸ್ ಬಾಕ್ಸ್. ನಲವತ್ತಮೂರು ಮುರು ಮೀನು ಸೀಳಿ, ತೊಳೆದು, ಮಸಾಲೆ ಹಚ್ಚಿಟ್ಟೆ. ಎಲ್ಲಾ ಒಂದೇ ಅಳತೆ — ನನ್ನ ಅಂಗೈ, ಮೇಲೆ ಎರಡು ಬೆರಳು. ಪ್ಲೇಟ್ ಸೈಜ್ ಅನ್ನುತ್ತಾನೆ ಯತೀಶ. ನನ್ನ ತಮ್ಮ. ಹೋಟೆಲು ಅವನದು, ಒಲೆ ನನ್ನದು. ಹೊಸ ಹೆದ್ದಾರಿ ಊರಾಚೆ ಹೋದ ಮೇಲೆ ಮದ್ದೂರಿನ ಹಳೇ ರಸ್ತೆಯಲ್ಲಿ ಎಷ್ಟೋ ಹೋಟೆಲು ಬಾಗಿಲು ಹಾಕಿದವು. ಇವನದು ಉಳಿದದ್ದು ಈ ಸಮುದ್ರದ ಮೀನಿನಿಂದ. ಇದಕ್ಕೆಂದೇ ಜನ ಕಾರು ತಿರುಗಿಸಿಕೊಂಡು ಬರುತ್ತಾರೆ.

ಒಂದು ವಿಷಯ ತಲೆ ಕೊರೆಯುತ್ತಿದೆ. ಮೂರು ವರ್ಷದಿಂದ ಸೀಳುತ್ತಿದ್ದೇನೆ. ಒಂದರ ಹೊಟ್ಟೆಯಲ್ಲೂ ಮೊಟ್ಟೆ ಕಂಡಿಲ್ಲ. ಕೆರೆ ಮೀನಿನಲ್ಲಿ ಮಳೆ ಬಿತ್ತೆಂದರೆ ಕೈತುಂಬ ಸಿಗುತ್ತದೆ. ಇದರಲ್ಲಿ ಯಾಕಿಲ್ಲ?

ಅಕ್ಟೋಬರ್ 31, ಶುಕ್ರವಾರ

ಟೆಂಪೊ ಮಹದೇವಯ್ಯನನ್ನು ಕೇಳಿಯೇ ಬಿಟ್ಟೆ. ಮಳವಳ್ಳಿಯವನು. ವಾರಕ್ಕೆರಡು ಸಲ ಮಂಗಳೂರಿನ ದಕ್ಕೆಗೆ, ದೋಣಿ ಬಂದು ನಿಲ್ಲುವ ಕಡೆಗೆ, ಹೋಗಿ ಮೀನು ತುಂಬಿಕೊಂಡು ಬರುತ್ತಾನೆ.

“ಮೊಟ್ಟೆ ಎಲ್ಲಿಂದ ಬಂದಾತು ಕುಸ್ಮಕ್ಕ? ಇವಿನ್ನೂ ಮೈನೆರೆದಿಲ್ಲ.”

“ಮೀನು ಮೈನೆರೆಯೋದಾ? ನಿನ್ ತಲೆ.”

“ನಾನ್ ಯೋಳಿದ್ದಲ್ಲ. ದಕ್ಕೇಲಿ ಮೀನು ಅಳ್ಯೋಕೆ ಒಬ್ರು ಮೇಡಮ್ಮು ಬತ್ತಾರೆ, ಸ್ಕೇಲು ಇಟ್ಕಂಡು. ಅವ್ರು ಯೋಳಿದ್ದು. ಮುರು ಮೀನು ಮೊದ್ಲು ಎಲ್ಲಾ ಎಣ್ಣಾಗೇ ಇರ್ತವಂತೆ. ಮೊಟ್ಟೆ ಇಡಾಕೆ ನಾಕೈದು ವರ್ಸ ಬೇಕಂತೆ. ಆಮ್ಯಾಕೆ, ದೊಡ್ಡವಾದವು ಗಂಡಾಯ್ತವಂತೆ.”

“ಎಣ್ಣು ಗಂಡಾಯ್ತದಾ? ಬೆಳಗ್ಗೆನೇ ಆಕ್ಕಂಡ್ ಬಂದಿದ್ದೀಯೇನ್ಲಾ?”

“ನಮ್ಮವ್ವನಾಣೆ ಕಣಕ್ಕ! ಮೊದ್ಲು ತೊಡೆ ಗಾತ್ರದವು ಬತ್ತಿದ್ವು. ಅವ್ನ ಇಡ್ದು ಮುಗಿಸ್ತಾ ಬಂದ್ರು. ಈಗ ಮರಿ ಇಡೀತಾವ್ರೆ. ಅತ್ಲಾಗೆ ಗಂಡೂ ಇಲ್ಲ, ಇತ್ಲಾಗೆ ಎಣ್ಣು ಬೆಳೆಯಾಕೂ ಬುಡಲ್ಲ. ಇನ್ನೇನ್ ಉಳ್ದಾತು ಯೋಳು.”

ನಗುತ್ತಾ ಟೆಂಪೊ ಹತ್ತಿದ. ನನಗೆ ನಗು ಬರಲಿಲ್ಲ. ಆದರೂ ಇವತ್ತು ಬಂದದ್ದನ್ನೆಲ್ಲ ಹುರಿದೆ. ಒಂದೊಂದನ್ನೂ ಮಗುಚುವಾಗ — ಇದು ಇನ್ನೂ ಎಷ್ಟು ವರ್ಷ ಇರಬೇಕಿತ್ತೋ...

ನವೆಂಬರ್ 4, ಮಂಗಳವಾರ

ಯತೀಶ ಕುಣಿಯುತ್ತಿದ್ದಾನೆ. ಮಂಡ್ಯದ ಹೊನ್ನಯ್ಯ ಎನ್ನುವವರ ಮಗಳ ಮದುವೆ. ಬೀಗರ ಊಟ ಇಪ್ಪತ್ಮೂರಕ್ಕೆ. ಆರುನೂರು ಎಲೆ. ಎಲೆಗೊಂದು ಇಡೀ ಮುರು ಮೀನು.

“ಕೋಳಿ, ಮಟನ್, ಬೋಟಿ, ತಲೆಮಾಂಸ ಎಲ್ಲಾ ಇರ್ತದಲ್ಲೋ. ಅದ್ರ ಮ್ಯಾಲೆ ಇದ್ಯಾತಕ್ಕೆ?”

“ಇಲ್ಲೀಗಂಟ ಯಾರೂ ಆಕಿಲ್ವಲ್ಲ, ಅದ್ಕೆ. ಇದೊಂದು ಆಗ್ಬುಟ್ರೆ ಜಿಲ್ಲೆಗೆಲ್ಲ ನಮ್ಮೆಸ್ರು ಕಣಕ್ಕ. ನಿನ್ ಕೈ ಮಸಾಲೇನೇ ಬೇಕಂತೆ.”

ಮಹದೇವಯ್ಯ ಹೇಳಿದ್ದನ್ನು ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಆರುನೂರು. ಕೂತರೂ ನಿಂತರೂ ಅದೇ ಲೆಕ್ಕ. ವಿಷ್ಣು ಸಹಸ್ರನಾಮ ಹೇಳುತ್ತಾ ಎರಡು ಸಲ ತಪ್ಪಿದೆ.

ನವೆಂಬರ್ 7, ಶುಕ್ರವಾರ

ಮಾಡಬಾರದ್ದು ಮಾಡಿದೆ. ಬುಧವಾರದಿಂದ ಮುರು ಮೀನು ಕೇಳಿದವರಿಗೆಲ್ಲ ಮುಗೀತು ಅಂದೆ. ಬಾಕ್ಸಿನಲ್ಲಿ ಇಪ್ಪತ್ತಿತ್ತು. ಸುಳ್ಳು. ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಸುಳ್ಳು. ಐಸು ಕರಗಿ ಇವತ್ತು ನಾತ ಹೊಡೆಯಿತು. ಗುಂಡಿ ತೋಡಿ ಹೂಳಿದೆವು. ಸತ್ತಿದ್ದು ಸತ್ತಿತ್ತು, ಯಾರ ಹೊಟ್ಟೆಗಾದರೂ ಹೋಗುತ್ತಿತ್ತು. ನಾನು ಅದನ್ನೂ ಕೆಡಿಸಿದೆ. ತಡೆಯುವುದಾದರೆ ಆರ್ಡರ್ ಹೇಳುವಾಗಲೇ ತಡೆಯಬೇಕು, ಕಾವಲಿ ಹತ್ತಿರ ಅಲ್ಲ.

“ನನ್ ಓಟ್ಲು ಮುಚ್ಸಾಕೆ ಊರೋರು ಸಾಲ್ದು ಅಂತ ನೀನೂ ನಿಂತ್ಕಂಡಾ?” ಎಂದ ಯತೀಶ.

ನವೆಂಬರ್ 9, ಭಾನುವಾರ

ಚಿಕ್ಕರಸಿನಕೆರೆಗೆ ಹೋಗಿ ಬಂದೆ. ಗುಡಿಗೆ ಬಿಟ್ಟ ಗೂಳಿ, ಬಸವಪ್ಪನ ಮುಂದೆ ಮನಸ್ಸಿನಲ್ಲಿದ್ದದ್ದು ಕೇಳಿಕೊಂಡರೆ, ಆಗುವುದಾದರೆ ಮುಂಗಾಲೆತ್ತಿ ಪಾದ ಕೊಡುತ್ತಾನೆ. ನನ್ನ ಮುಂದಿದ್ದವಳು ಮಗಳಿಗೆ ಗಂಡು ಕೇಳಿದಳು. ಇನ್ನೊಬ್ಬ ಬೋರ್‌ವೆಲ್ ನೀರು ಕೇಳಿದ. ನನ್ನ ಸರದಿ ಬಂತು. ದೇವರ ಮುಂದೆ ಮೀನಿನ ವಿಷಯ ಎತ್ತಲು ನಾಲಿಗೆ ಹಿಂಜರಿಯಿತು. ತಮ್ಮನ ಹೋಟೆಲು ಚೆನ್ನಾಗಿರಲಪ್ಪಾ ಅಂದುಬಿಟ್ಟೆ.

ಪಾದ ಕೊಟ್ಟ.

ಬಸ್ಸಿನಲ್ಲಿ ಬರುವಾಗ ಪೂರ್ತಿ ನನ್ನನ್ನೇ ಬೈದುಕೊಂಡೆ.

ನವೆಂಬರ್ 13, ಗುರುವಾರ

ದಕ್ಕೆಗೆ ಆರುನೂರು ಹೇಳುವ ದಿನ. ನಾನು ಮಾಡಲ್ಲ ಎಂದೆ.

“ಯಾಕೆ?”

“ಮರಿ ಕಣೋ ಅವು. ದೇವ್ರು ಮೆಚ್ಚಲ್ಲ.”

“ಬಸವಪ್ಪ ಪಾದ ಕೊಟ್ನಂತಲ್ಲ! ಊರೆಲ್ಲಾ ಯೋಳವ್ರೆ. ಈಗ ಯಾವ್ ದೇವ್ರು ಬಂದ ನಿನ್ ಮೈಮ್ಯಾಲೆ?”

ಕಾವಲಿ ಒರೆಸುವ ಬಟ್ಟೆ ಅಲ್ಲೇ ಇಟ್ಟು ಹೊರಟೆ. “ಓಗು, ಓಗು. ಕೈ ರುಚಿ ನಿನಗೊಬ್ಳಿಗೇ ಗುತ್ತಿಗೆ ಕೊಟ್ಟಿಲ್ಲ,” ಎಂದು ಬೀದಿಗೆ ಕೇಳುವಂತೆ ಕೂಗಿದ. ನಾನು ಎತ್ತಿ ಆಡಿಸಿದ ಹುಡುಗ.

ನವೆಂಬರ್ 23, ಭಾನುವಾರ, ಸಂಜೆ

ಹತ್ತು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಗುಡಿಸಿದ ಅಂಗಳವನ್ನೇ ಗುಡಿಸಿದೆ. ನಮ್ಮೂರು ಹನಕೆರೆಯಲ್ಲಿ ರೈಲು ನಿಂತಾಗಲೆಲ್ಲ, ತಮ್ಮ ಬಂದನೇನೋ ಎಂದು ಎದ್ದು ಬಾಗಿಲಿಗೆ ಬಂದೆ.

ಮಧ್ಯಾಹ್ನ ಬೀಗರ ಊಟ ಮುಗಿಯಿತಂತೆ. ಮೈಸೂರಿನಿಂದ ಅಡುಗೆಯವರನ್ನು ಕರೆಸಿದ್ದನಂತೆ. ಈಗ ಯತೀಶನೇ ಬಂದ. ಡಬ್ಬಿ ಮುಂದಿಟ್ಟ. ಒಂದು ಮುರು ಮೀನು.

“ಅರ್ಧಕ್ಕರ್ಧ ಜನ ಎಲೆ ಮ್ಯಾಲೆ ಅಂಗೇ ಬುಟ್ರು ಕಣಕ್ಕ. ಮಟನ್ನಲ್ಲೇ ಒಟ್ಟೆ ತುಂಬೋಯ್ತು. ಮೀನ್ದು ವಿಡಿಯೋ ಮಾಡ್ಕಂಡ್ರು, ಎದ್ರು. ಎಲೆ ಸಮೇತ ಗುಂಡೀಗೆ ಆಕ್ಸ್ದೆ.”

ಮುನ್ನೂರು. ನಾನು ಹೂಳಿದ್ದು ಇಪ್ಪತ್ತು.

“ನಿನ್ ಪಾಲು. ತಿನ್ನು.”

ಒಲ್ಲೆ ಅನ್ನಲು ನೆಪ ಹುಡುಕಿದೆ. ಸೋಮವಾರ ಅಲ್ಲ, ಶನಿವಾರ ಅಲ್ಲ, ಏಕಾದಶಿಯೂ ಅಲ್ಲ. ಕಾರ್ತಿಕ ಕಳೆದಿದೆ. ಒಂದು ದೇವರ ಹೆಸರೂ ಸಿಗಲಿಲ್ಲ.

“ನಂಗ್ ಬ್ಯಾಡ. ದೇವ್ರು ಬ್ಯಾಡ ಅಂದಿದ್ದಲ್ಲ. ನಾನು ಅಂತಿರೋದು.”

ಡಬ್ಬಿ ತನ್ನತ್ತ ಎಳೆದುಕೊಂಡ. ತಾನೇ ಕೂತು ತಿಂದ. ತಲೆ ಎತ್ತದೆ, ಒಂದು ಮುಳ್ಳೂ ಬಿಡದೆ ಚೀಪಿ. ಆಮೇಲೆ ಎಡಗೈಯಲ್ಲಿ ಫೋನ್ ತೆಗೆದ. ಮಂಗಳವಾರದ ಮೀನಿಗೆ ದಕ್ಕೆಯವನು ಎರಡು ಸಲ ಫೋನ್ ಮಾಡಿದ್ದಾನೆ.

“ಏನಂತ ಯೋಳ್ಲಿ ಅಕ್ಕ?”

ಮೂರು ವರ್ಷದಲ್ಲಿ ಆರ್ಡರ್ ಬಗ್ಗೆ ನನ್ನನ್ನು ಕೇಳಿದವನಲ್ಲ. ಕೈ ತೊಳ್ಕಂಡು ಬಾ ಎಂದೆ. ಹಿತ್ತಲ ನಲ್ಲಿಯಲ್ಲಿ ತೊಳೆಯುತ್ತಿದ್ದಾನೆ. ಅಷ್ಟರಲ್ಲಿ ಯೋಚಿಸಬೇಕು. ಮುರು ಮರಿ ಬೇಡ. ದೊಡ್ಡದೂ ಬೇಡ, ಗಂಡು ಅದೇ. ಹಾಗಾದರೆ ಕಾವಲಿ ಮೇಲೆ ಏನು? ಹೋಟೆಲು ನಡೆಯಬೇಕಲ್ಲ. ಬಂಗುಡೆ ಅನ್ನಲೇ? ಕೆರೆ ಕಾಟ್ಲ ಅನ್ನಲೇ? ಬಂಗುಡೆ ಎಷ್ಟಕ್ಕೆ ಮೊಟ್ಟೆ ಇಡುತ್ತದೋ, ಮಹದೇವಯ್ಯನಿಗೆ ಹೇಳಿ ಆ ಮೇಡಮ್ಮನ್ನ ಮೊದಲು ಕೇಳಿಸಬೇಕು, ಅವರ ಸ್ಕೇಲಿನಲ್ಲಿ ಎಷ್ಟು ಉದ್ದ ಅಂತ —

ನಲ್ಲಿ ನಿಂತಿತು. ಬಂದ. ಮೊದಲು ಮುರು ಬೇಡ ಅನ್ನು ಅಂತ ಹೇಳ್ತೀನಿ. ಉಳಿದದ್ದು ಆಮೇಲೆ.